ಟೆಕ್ನಿಕಲ್ ಮೇಷ್ಟ್ರು ಮತ್ತು ಕತ್ತರಿಸಿಟ್ಟ ಇಂಜಿನ್

ಹಾರಾಟ ಕಲಿತವರು ನೆನಪು ಬರೆಯಲು ಕೂತರೆ ಮೊದಲ ಸೋಲೋ (ಒಬ್ಬರೇ ಹಾರಿಸಿದ್ದು) ಬಗ್ಗೆ ಬರೆಯುವುದು ವಾಡಿಕೆ. ನಾನು ನಮ್ಮ ಫ್ಲೈಯಿಂಗ್ ಸ್ಕೂಲಿನಲ್ಲಿ ಇಂಜಿನ್ ಪಾಠ ಹೇಳುತ್ತಿದ್ದ ಟೆಕ್ನಿಕಲ್ ಮೇಷ್ಟ್ರ ಬಗ್ಗೆ ಬರೆಯುತ್ತೇನೆ. ಈಗ ಏರ್‌ಬಸ್ ಎ320ರಲ್ಲಿ ದೇವನಹಳ್ಳಿಯಿಂದ ಏಳುವಾಗ ನನಗಿರುವ ಧೈರ್ಯದಲ್ಲಿ ದೊಡ್ಡ ಪಾಲು ಅವರದು.

ಅವರು ವಿಮಾನ ರಿಪೇರಿ ಮಾಡಿಕೊಂಡೇ ಕೂದಲು ಬೆಳ್ಳಗಾದವರು. ಪೈಲಟ್ ಅಲ್ಲ. ಕ್ಲಾಸಿನ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಹಳೇ ಲೈಕಮಿಂಗ್ ಇಂಜಿನ್ ಇತ್ತು. ಒಳಗೆಲ್ಲ ಕಾಣುವ ಹಾಗೆ ಅದರ ಪಕ್ಕವನ್ನು ಕತ್ತರಿಸಿದ್ದರು. ಆಯಿಲ್ ಹೋಗುವ ದಾರಿಗೆ ಹಳದಿ ಬಣ್ಣ, ಪೆಟ್ರೋಲ್ ಹೋಗುವ ದಾರಿಗೆ ಕೆಂಪು. ನಾವು ಯಾವ ಲಿವರ್ ಹೆಸರು ಹೇಳಿದರೂ ಅವರದು ಒಂದೇ ಪ್ರಶ್ನೆ: "ಅದರ ಇನ್ನೊಂದು ತುದಿ ಎಲ್ಲಿದೆ? ಬಂದು ತೋರಿಸಮ್ಮ."

ಪೈಲಟ್ ಲೈಸೆನ್ಸಿಗೆ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಡೆಸುವ ಪರೀಕ್ಷೆ ಪಾಸಾಗಲು ನೂರಕ್ಕೆ 70 ಬೇಕು. ಪ್ರಶ್ನೆಗಳ ಕಟ್ಟು ಉರು ಹೊಡೆದರೆ ಅದು ಬರುತ್ತದೆ, ಎಲ್ಲರಿಗೂ ಗೊತ್ತು. ಮೇಷ್ಟ್ರು ಅದಕ್ಕೆ ಬೈಯುತ್ತಿರಲಿಲ್ಲ. ಸರಿಯುತ್ತರ ಕೇಳಿ ತಲೆಯಾಡಿಸಿ, "ಹಾಗಾದರೆ ಆಯಿಲ್ ಖಾಲಿಯಾದ್ರೆ?" ಅನ್ನುತ್ತಿದ್ದರು. ನಿಜವಾದ ಪಾಠ ಶುರುವಾಗುತ್ತಿದ್ದದ್ದು ಅಲ್ಲಿಂದ.

ಪ್ರೊಪೆಲ್ಲರ್ ಪಾಠ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಇಂಜಿನ್ನಿನ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಆಯಿಲ್ ಒತ್ತಡ ಬ್ಲೇಡುಗಳನ್ನು ಕೋರ್ಸ್ ಪಿಚ್ (ಗಾಳಿಯನ್ನು ಹೆಚ್ಚು ಕಚ್ಚುವ ಓರೆ) ಕಡೆಗೆ ತಳ್ಳುತ್ತದೆ. ಒತ್ತಡ ಹೋದರೆ ಬ್ಲೇಡು ಫೈನ್ ಪಿಚ್‌ಗೆ (ಕಡಿಮೆ ಓರೆಗೆ) ಬರುತ್ತದೆ. ಟ್ವಿನ್‌ನಲ್ಲಿ, ಅಂದರೆ ಎರಡು ಇಂಜಿನ್ನಿನ ವಿಮಾನದಲ್ಲಿ, ಇದು ಪೂರ್ತಿ ಉಲ್ಟಾ. ಅಲ್ಲಿ ಆಯಿಲ್ ಬ್ಲೇಡನ್ನು ಫೈನ್ ಕಡೆಗೆ ತಳ್ಳಿ ಹಿಡಿದಿರುತ್ತದೆ. ಸ್ಪ್ರಿಂಗ್, ಕೌಂಟರ್‌ವೇಟ್, ಕೆಲವು ಮಾಡೆಲ್‌ಗಳಲ್ಲಿ ನೈಟ್ರೋಜನ್, ಇವೆಲ್ಲ ಫೆದರ್ ಕಡೆಗೆ ಎಳೆಯುತ್ತಿರುತ್ತವೆ. ಆಯಿಲ್ ಹೋದರೆ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಗುತ್ತದೆ. ಬ್ಲೇಡಿನ ಅಂಚು ಗಾಳಿಗೆ ಎದುರಾಗುತ್ತದೆ, ಡ್ರ್ಯಾಗ್ (ಗಾಳಿಯ ತಡೆ) ಇಳಿಯುತ್ತದೆ. ಸಿಂಗಲ್‌ನಲ್ಲಿ ಇಂಜಿನ್ ನಿಂತರೆ ಹೇಗೂ ಇಳಿಯಲೇಬೇಕು. ಟ್ವಿನ್‌ನಲ್ಲಿ ಇನ್ನೊಂದು ಇಂಜಿನ್ ಎಳೆಯುತ್ತಿರುತ್ತದೆ. ಸತ್ತ ಇಂಜಿನ್ ಅದಕ್ಕೆ ಭಾರವಾಗಬಾರದು, ಅಲ್ವಾ? ಕಾರಣ ತಿಳಿದ ಮೇಲೆ ಯಾವುದು ಯಾವ ಕಡೆ ಎಂದು ಉರು ಹೊಡೆಯಬೇಕಾಗಲೇ ಇಲ್ಲ.

ಅಷ್ಟಕ್ಕೇ ಬಿಡುವವರಲ್ಲ ಅವರು. "ಮತ್ತೆ ದಿನಾ ಇಂಜಿನ್ ಆಫ್ ಮಾಡಿದಾಗಲೂ ಆಯಿಲ್ ಒತ್ತಡ ಹೋಗುತ್ತಲ್ಲ, ಆಗ ಯಾಕೆ ಫೆದರ್ ಆಗಲ್ಲ?" ಕ್ಲಾಸೆಲ್ಲ ಮೌನ. ಪ್ರೊಪೆಲ್ಲರಿನ ನಡುವಿನ ಹಬ್‌ನೊಳಗೆ ಸಣ್ಣ ಪಿನ್ನುಗಳಿವೆ. ವೇಗವಾಗಿ ತಿರುಗುವಾಗ ಅವು ಹೊರಕ್ಕೆ ಸರಿದಿರುತ್ತವೆ. ಸುಮಾರು 800–1000 ಆರ್‌ಪಿಎಂಗಿಂತ ಕೆಳಗಿಳಿದಾಗ ಒಳಕ್ಕೆ ಬಂದು ಬ್ಲೇಡನ್ನು ತಡೆಯುತ್ತವೆ. ಹಾಗಾಗಿ ಆಕಾಶದಲ್ಲಿ ಇಂಜಿನ್ ಕೆಟ್ಟು ಪೂರ್ತಿ ನಿಂತುಹೋಗುತ್ತಿದ್ದರೆ, ಆ ವೇಗಕ್ಕೆ ಇಳಿಯುವ ಮೊದಲೇ ಫೆದರ್ ಮಾಡಬೇಕು. ತಡವಾದರೆ ಲಿವರ್ ಎಳೆದರೂ ಆಗಲ್ಲ. ಚೆಕ್‌ಲಿಸ್ಟ್‌ನ ಒಂದು ಸಾಲಿನ ಹಿಂದೆ ಇಷ್ಟು ಯಂತ್ರವಿದೆ!

ಎರಡು ಇಂಜಿನ್ ಇದ್ದರೆ ಎರಡರಷ್ಟು ಕ್ಷೇಮ ಎಂದು ನಾವೆಲ್ಲ ನಂಬಿದ್ದೆವು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ವಿಮಾನ ಮೇಲೇರುವುದು ಮಟ್ಟವಾಗಿ ಹಾರಲು ಬೇಕಾದ್ದಕ್ಕಿಂತ ಹೆಚ್ಚಿರುವ ಶಕ್ತಿಯಿಂದ. ಒಂದು ಇಂಜಿನ್ ಹೋದರೆ ಹೋಗುವುದು ಅರ್ಧ ಶಕ್ತಿ, ಆದರೆ ಏರುವ ಸಾಮರ್ಥ್ಯ ಶೇಕಡ 80ಕ್ಕೂ ಜಾಸ್ತಿ ಹೋಗುತ್ತದೆ. ಆಮೇಲೆ ನಮ್ಮೂರಿನ ಲೆಕ್ಕ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ತಾಪಮಾನ (ಹಾರಾಟದ ಲೆಕ್ಕಕ್ಕೆ ಇಟ್ಟುಕೊಂಡ ಮಾದರಿ) 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ವ್ಯತ್ಯಾಸ 25. ಬಿಸಿ ಗಾಳಿ ತೆಳು, ಅದಕ್ಕೇ ಡಿಗ್ರಿಗೆ ಸುಮಾರು 120 ಅಡಿಯಂತೆ ಇನ್ನೊಂದು 3000 ಅಡಿ ಕೂಡಿಸಿ. ಜಕ್ಕೂರು ಏರೋಡ್ರೋಮಿನ ನೆಲದ ಮೇಲೆ ನಿಂತಿದ್ದರೂ ರೆಕ್ಕೆಗೂ ಇಂಜಿನ್‌ಗೂ ಸಿಗುವುದು 6000 ಅಡಿಯ ಗಾಳಿ. ತರಬೇತಿಗೆ ಬಳಸುವ ಟ್ವಿನ್ ಪೈಪರ್ ಸೆಮಿನೋಲ್ ಪೂರ್ತಿ ತೂಕದಲ್ಲಿ, ಒಂದೇ ಇಂಜಿನ್‌ನಲ್ಲಿ ಏರಬಲ್ಲ ಮಿತಿ 3800 ಅಡಿ. "ಈಗ ಹೇಳಿ, ಮಧ್ಯಾಹ್ನ ಎರಡು ಗಂಟೆಗೆ ಟೇಕಾಫ್ ಆದ ಕೂಡಲೇ ಒಂದು ನಿಂತರೆ ಇನ್ನೊಂದು ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗುತ್ತೆ?" ಆ ವಾರ ನಾವೆಲ್ಲ ಬೆಳಗಿನ ಸ್ಲಾಟ್ ಕೇಳಿದೆವು.

ಸ್ಪೀಡ್ ಇಂಡಿಕೇಟರ್‌ನ ಕೆಂಪು ಗೆರೆ, ನೀಲಿ ಗೆರೆಗಳನ್ನೂ ಹೀಗೇ ಕಲಿಸಿದರು. ಒಂದೇ ಇಂಜಿನ್ ಪೂರ್ತಿ ಎಳೆಯುವಾಗ ಕೆಂಪಿಗಿಂತ ಕೆಳಗೆ ಇಳಿದರೆ ರಡ್ಡರ್‌ಗೆ (ಮೂತಿ ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿಗೆ) ಸಾಕಷ್ಟು ಗಾಳಿ ಸಿಗಲ್ಲ. ವಿಮಾನ ಸತ್ತ ಇಂಜಿನ್ ಕಡೆಗೆ ಮಗುಚುತ್ತದೆ. ನೀಲಿ ಗೆರೆ ಒಂದೇ ಇಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗ.

ಯಾವ ಇಂಜಿನ್ ಕೆಟ್ಟಿದೆ ಎಂದು ಗುರುತಿಸುವ ಅಭ್ಯಾಸಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಇಂಗ್ಲೆಂಡಿನ ಕೆಗ್‌ವರ್ತ್, ಜನವರಿ 8, 1989. ಬೋಯಿಂಗ್ 737ರ ಎಡ ಇಂಜಿನ್‌ನ ಫ್ಯಾನ್ ಬ್ಲೇಡ್ ಮುರಿಯಿತು. ಪೈಲಟ್‌ಗಳು ಆಫ್ ಮಾಡಿದ್ದು ಚೆನ್ನಾಗಿದ್ದ ಬಲ ಇಂಜಿನ್. ಅದೇ ಹೊತ್ತಿಗೆ ನಡುಕ ಕಡಿಮೆಯಾದದ್ದರಿಂದ ಸರಿ ಮಾಡಿದೆವು ಅಂದುಕೊಂಡರು. 47 ಜನ ಸತ್ತರು. ಮೇಷ್ಟ್ರ ಪಾಠ ಇಷ್ಟು: ಒಂದು ಇಂಜಿನ್ ನಿಂತಾಗ ನೇರ ಹೋಗಲು ಒಂದು ಕಾಲಿಂದ ರಡ್ಡರ್ ಪೆಡಲ್ ಒತ್ತಿರುತ್ತೀರಿ, ಯಾವ ಕಾಲು ಸುಮ್ನೆ ಇದೆಯೋ ಆ ಕಡೆಯ ಇಂಜಿನ್ ಸತ್ತಿದೆ ಎಂದು ಗುರುತಿಸಿ. ಆದರೂ ಮೊದಲು ಆ ಇಂಜಿನ್ನಿನ ಥ್ರಾಟಲ್ (ಶಕ್ತಿ ಏರಿಸಿ ಇಳಿಸುವ ಲಿವರ್) ನಿಧಾನವಾಗಿ ಹಿಂದೆ ಎಳೆದು ನೋಡಿ. ಏನೂ ಬದಲಾಗದಿದ್ದರೆ ಮಾತ್ರ ಫೆದರ್. ನಡುವಿನ ಆ ಹೆಜ್ಜೆ ಬಿಟ್ಟವರನ್ನು ಮೇಷ್ಟ್ರು ಕೂತುಕೊಳ್ಳಲು ಬಿಡುತ್ತಿರಲಿಲ್ಲ.

ಕ್ರಾಸ್‌ಫೀಡ್ (ಒಂದು ಕಡೆಯ ಇಂಧನವನ್ನು ಇನ್ನೊಂದು ಕಡೆಗೆ ಕೊಡುವ ದಾರಿ) ಪಾಠಕ್ಕೆ 2001ರ ಏರ್ ಟ್ರಾನ್ಸಾಟ್ ಕಂಪನಿಯ ಘಟನೆ. ಎ330 ವಿಮಾನದ ಬಲ ಇಂಜಿನ್ ಬಳಿ ಇಂಧನ ಸೋರುತ್ತಿತ್ತು. ಎರಡು ರೆಕ್ಕೆಯ ಇಂಧನ ಸಮ ಮಾಡಲು ಕ್ರಾಸ್‌ಫೀಡ್ ತೆರೆದರು. ಒಳ್ಳೆಯ ಕಡೆಯದೂ ಸೋರಿಕೆಯ ದಾರಿ ಹಿಡಿಯಿತು. ಎರಡೂ ಇಂಜಿನ್ ನಿಂತವು. ಅಟ್ಲಾಂಟಿಕ್ ಮೇಲೆ ಗಾಳಿಯಲ್ಲಿ ತೇಲಿಕೊಂಡೇ ಅಜೋರ್ಸ್ ದ್ವೀಪದಲ್ಲಿ ಇಳಿಸಿದರು, 306 ಜನರೂ ಉಳಿದರು. ಹಾರಿಸಿದ ಕೈಗಳ ಬಗ್ಗೆ ಮೇಷ್ಟ್ರಿಗೆ ತುಂಬಾ ಗೌರವ. ಆದರೂ ಕೇಳುವುದು ಅದೇ: ಆ ಸ್ವಿಚ್ಚಿನ ಇನ್ನೊಂದು ತುದಿ ಎಲ್ಲಿತ್ತು?

ನಮ್ಮೂರಿನ ಅಪಘಾತವನ್ನು ಅವರು ಕೊನೆಗೆ ಹೇಳಿದರು. ಫೆಬ್ರವರಿ 14, 1990. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಆಗಿನ್ನೂ ಹೊಚ್ಚ ಹೊಸ ಎ320, ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ತೀರಿಕೊಂಡರು. ಎರಡೂ ಇಂಜಿನ್ ಚೆನ್ನಾಗೇ ಇದ್ದವು. ವಿಮಾನ ಐಡಲ್ ಓಪನ್ ಡಿಸೆಂಟ್ ಎಂಬ ಕೆಳಗಿಳಿಯುವ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಇಂಜಿನ್ ಐಡಲ್‌ನಲ್ಲೇ (ಕನಿಷ್ಠ ಶಕ್ತಿಯಲ್ಲೇ) ಇರುತ್ತದೆ, ವೇಗ ಬಿದ್ದರೂ ತಾನಾಗಿ ಏರುವುದಿಲ್ಲ. ಅದು ಗೊತ್ತಾಗಿ ಥ್ರಸ್ಟ್ ಕೊಡುವಷ್ಟರಲ್ಲಿ ಎತ್ತರ ಉಳಿದಿರಲಿಲ್ಲ. ನಾನು ಈಗ ಹಾರಿಸುವುದು ಅದೇ ಜಾತಿಯ ವಿಮಾನ. ಪ್ರತಿ ಅಪ್ರೋಚ್‌ನಲ್ಲೂ ಪರದೆಯ ಮೇಲಿನ ಮೋಡ್ ಹೆಸರನ್ನು ನಾನು ಬಾಯಿಬಿಟ್ಟು ಓದುತ್ತೇನೆ. ಪಕ್ಕದಲ್ಲಿ ಕೂತ ಹೊಸ ಹುಡುಗರಿಂದಲೂ ಓದಿಸುತ್ತೇನೆ.

ಈಗಿನ ವಿಮಾನ ಏನು ಕೆಟ್ಟಿದೆ, ಏನು ಮಾಡಬೇಕು ಎಂದು ಪರದೆಯ ಮೇಲೆ ತಾನೇ ಬರೆದು ತೋರಿಸುತ್ತದೆ. ಅದು ದೊಡ್ಡ ಉಪಕಾರ. ಆದರೆ ಎರಡು ಮೂರು ಎಚ್ಚರಿಕೆ ಒಟ್ಟಿಗೆ ಬಂದಾಗ ಮೂಲ ಯಾವುದು, ಅದರಿಂದ ಹುಟ್ಟಿದ್ದು ಯಾವುದು ಎಂದು ನೋಡಲು ತಲೆಯೊಳಗೆ ಆ ಹಳದಿ, ಕೆಂಪು ದಾರಿಗಳು ಇರಲೇಬೇಕು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಹೋದ ಸಲ ಸ್ಕೂಲಿಗೆ ಬಂದಾಗ ಕ್ಲಾಸಿನಲ್ಲಿ ಹೊಸ ಪ್ರೊಜೆಕ್ಟರ್ ನೋಡಿದೆ, ಖುಷಿಯಾಯಿತು. ಕತ್ತರಿಸಿಟ್ಟ ಇಂಜಿನ್ ಹ್ಯಾಂಗರಿನ ಹಿಂದೆ ಟಾರ್ಪಾಲಿನ್ ಕೆಳಗಿದೆ. ಅದನ್ನು ತೊಳೆದು, ಬಣ್ಣ ಬಳಿದು ಮತ್ತೆ ಕ್ಲಾಸಿಗೆ ತರಲು ನಮ್ಮ ಬ್ಯಾಚಿನವರು ಖರ್ಚು ಹಾಕಲು ತಯಾರಿದ್ದೇವೆ. ಪ್ರಿನ್ಸಿಪಾಲರು ಒಪ್ಪಿದರೆ ರಜೆ ಹಾಕಿ ಬಂದು ನಾವೇ ಎತ್ತಿಡುತ್ತೇವೆ.