ಅಟ್ಟ ಖಾಲಿ ಮಾಡಿಕೊಡುವ ಕೆಲಸ

ಮುಂಬೈಯ ಮುಲುಂಡಿನಲ್ಲಿ ನಾನು ಮನೆ ಜೋಡಿಸಿಕೊಡುವ ಕೆಲಸ ಶುರು ಮಾಡಿದ್ದೇನೆ. ನಿಮ್ಮ ಮನೆಗೆ ಬಂದು, ನಿಮ್ಮ ಜೊತೆ ನೆಲದ ಮೇಲೆ ಕೂತು, ಬೇಡದ್ದನ್ನು ಬೇರೆ ಮಾಡಿ ಹೊರಗೆ ಸಾಗಿಸುತ್ತೇನೆ. ಉಳಿದದ್ದನ್ನು ಕೈಗೆ ಸಿಗುವ ಹಾಗೆ ಇಡುತ್ತೇನೆ. ಇದಕ್ಕೂ ದುಡ್ಡು ಕೊಡ್ತಾರಾ ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಕುಂದಾಪುರದಲ್ಲಿ ಕೊಡಲಿಕ್ಕಿಲ್ಲ. ಅಲ್ಲಿ ಹಳೆಯದನ್ನೆಲ್ಲ ತಳ್ಳಲು ಮನೆ ಹಿಂದೆ ಕೊಟ್ಟಿಗೆ ಇರುತ್ತದೆ. ಇಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ಮಕ್ಕಳು, ಮೇಲಿಂದ ಊರಿನ ಕುಚ್ಚಲಕ್ಕಿ ಚೀಲ. ಬಾತ್‌ರೂಮಿನ ಮೇಲಿನ ಅಟ್ಟಕ್ಕೆ ಕೈ ಹಾಕಲು ಯಾರಿಗೂ ಧೈರ್ಯ ಇರುವುದಿಲ್ಲ.

ಬಂಡವಾಳ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮಡಚುವ ಏಣಿ, ಮಾಸ್ಕ್, ಗೋಣಿಚೀಲ, ಮಾರ್ಕರ್, ಅಳತೆ ಟೇಪು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆ. ಸರ್ಕಾರದ ಸೈಟಿನಲ್ಲಿ ಅದು ಪುಕ್ಕಟೆ. ಫೀಸು ಕೇಳುವ ಸೈಟು ಎದುರಾದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. ಜಿಎಸ್‌ಟಿ ಚಿಂತೆ ನಮ್ಮಂಥ ಸೇವೆಯವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ಆ ಚಿಂತೆ ಬರಲಿ ಅಂತಲೇ ನನ್ನ ಆಸೆ!

ನಿಜ ಹೇಳಬೇಕೆಂದರೆ, ಈ ಕೆಲಸದಲ್ಲಿ ಜೋಡಿಸುವುದು ಸುಲಭ. ಕಷ್ಟ ಇರುವುದು ಕೈಬಿಡಿಸುವುದರಲ್ಲಿ. 'ಬಿಸಾಡಿ' ಅಂದರೆ ಯಾರೂ ಬಿಸಾಡುವುದಿಲ್ಲ. ಆ ವಸ್ತು ಎಲ್ಲಿಗೆ ಹೋಗುತ್ತದೆ ಅಂತ ಹೇಳಿದರೆ ಮಾತ್ರ ಕೈ ಸಡಿಲವಾಗುತ್ತದೆ. ಹಾಗಾಗಿ ನನ್ನ ಡೈರಿ ತುಂಬ ಇರುವುದು ರದ್ದಿವಾಲಾ, ಭಂಗಾರ್‌ವಾಲಾ (ಗುಜರಿಯವನು), ಭಾಂಡೀವಾಲಿ, ಗಾದಿವಾಲಾ ಇವರ ನಂಬರುಗಳೇ. ಹಳೇ ಹತ್ತಿಯ ಹಾಸಿಗೆಯನ್ನು ಗಾದಿವಾಲಾ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ಹೊಲಿದು ಕೊಡುತ್ತಾನೆ. ಫೋಮ್ ಹಾಸಿಗೆಯನ್ನು ಅವನು ಮುಟ್ಟುವುದೂ ಇಲ್ಲ. ಭಾಂಡೀವಾಲಿಗೆ ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುತ್ತಾಳೆ. ಅಂದರೆ ಬಟ್ಟೆ ಹೋಗಿ ಪಾತ್ರೆ ಬಂತು, ಮನೆ ಇದ್ದ ಹಾಗೇ ಇತ್ತು. ಅದಕ್ಕೇ ನನ್ನದೊಂದು ಷರತ್ತು: ಎಷ್ಟು ಗಂಟು ಬಟ್ಟೆ ಕೊಟ್ಟರೂ ಒಂದೇ ಪಾತ್ರೆ, ಅದೂ ದಿನಾ ಉಪಯೋಗಕ್ಕೆ ಬರುವಂಥದ್ದು. ಅಸಲಿ ಜರಿಯ ಹಳೇ ರೇಷ್ಮೆ ಸೀರೆಯನ್ನು ಆ ಗಂಟಿಗೆ ಸೇರಿಸಬೇಡಿ. ಆ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಕೊಳ್ಳುವವರೇ ಬೇರೆ.

ಮಾಟುಂಗದ ಒಂದು ಮನೆಯಲ್ಲಿ ಅಮ್ಮನವರೊಬ್ಬರು ಅಡುಗೆಮನೆಯ ಮೇಲಿನ ಶೆಲ್ಫು ತೋರಿಸಿದರು. ಅದರ ತುಂಬ ಮದುವೆ, ಉಪನಯನಗಳಲ್ಲಿ ಬಂದ ಸ್ಟೀಲ್ ಡಬ್ಬಿ, ತಂಬಿಗೆ, ತಟ್ಟೆ. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿದೆ.

"ಇದು ಯಾರಮ್ಮ?"

"ಗೊತ್ತಿಲ್ಲ ಮಾರಾಯ್ತಿ. ಆದರೆ ಅವರು ಬಂದು ಕೇಳಿದರೆ?"

ಕೊಟ್ಟವರಲ್ಲಿ ಅರ್ಧ ಜನ ಈಗ ಇಲ್ಲವೇ ಇಲ್ಲ. ಆದರೂ ನಾನು ಒತ್ತಾಯ ಮಾಡಲಿಲ್ಲ. ಅವರೇ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಹೋದರು. ಮುಖ ನೆನಪಾದದ್ದು ಉಳಿಯಿತು, ಉಳಿದದ್ದು ಗೋಣಿಗೆ ಬಿತ್ತು. ನನಗೆ ತೋಚದಿದ್ದ ಉಪಾಯ ಅದು. ಈಗ ಎಲ್ಲಾ ಮನೆಗಳಲ್ಲೂ ಅದನ್ನೇ ಮಾಡಿಸುತ್ತೇನೆ.

ಅದೇ ಶೆಲ್ಫಿಗೆ ಹಾಸಿದ್ದ 'ಕರ್ನಾಟಕ ಮಲ್ಲ' ಪತ್ರಿಕೆಯ ಅಡಿಯಲ್ಲಿ ಅವರ ಯಜಮಾನರ ಹೆಸರಿನ ಶೇರು ಪತ್ರಗಳು ಸಿಕ್ಕಿದವು. ಬ್ಯಾಂಕಿನಲ್ಲಿದ್ದವರು, ತೀರಿಹೋಗಿ ಬಹಳ ಕಾಲವಾಗಿದೆ. 2019ರ ಏಪ್ರಿಲ್‌ನಿಂದ ಕಾಗದದ ಶೇರನ್ನು ಹಾಗೇ ಮಾರಲು ಬರುವುದಿಲ್ಲ, ಡಿಮ್ಯಾಟ್ ಮಾಡಿಸಬೇಕು, ಅಂದರೆ ಕಂಪ್ಯೂಟರ್ ಖಾತೆಗೆ ಹಾಕಿಸಬೇಕು. ಸತತ 7 ವರ್ಷ ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ಶೇರುಗಳು ಹೂಡಿಕೆದಾರರ ರಕ್ಷಣೆಗೆ ಅಂತ ಇರುವ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತವೆ. ಹಾಗೆ ಹೋಗಿದ್ದರೂ ವಾರಸುದಾರರು ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಅವರ ಮಗ ಈಗ ಅದರ ಹಿಂದೆ ಓಡಾಡುತ್ತಿದ್ದಾನೆ.

ಹಾಗಾಗಿ ರದ್ದಿಯನ್ನು ನಾನು ಕಟ್ಟು ಕಟ್ಟಾಗಿ ಕೊಡುವುದಿಲ್ಲ, ಹಾಳೆ ಬಿಡಿಸಿ ನೋಡುತ್ತೇನೆ. ಮುಂಬೈಯಲ್ಲಂತೂ ಎರಡು ಕಾಗದ ಕಣ್ಣಿಗೆ ಬಿದ್ದರೆ ತಕ್ಷಣ ಬೇರೆ ಇಡಬೇಕು. ಒಂದು, ಹೌಸಿಂಗ್ ಸೊಸೈಟಿಯ ಶೇರ್ ಸರ್ಟಿಫಿಕೇಟು, ಅಂದರೆ ನೀವು ಸೊಸೈಟಿಯ ಸದಸ್ಯರು ಅನ್ನುವ ಪತ್ರ. ಇನ್ನೊಂದು, ಫ್ಲ್ಯಾಟಿನ ಹಳೇ ಅಗ್ರಿಮೆಂಟುಗಳು. ಬಿಲ್ಡರಿನಿಂದ ಮೊದಲು ಕೊಂಡವರು, ಅವರಿಂದ ಕೊಂಡವರು, ಹೀಗೆ ಪೂರ್ತಿ ಸರಪಳಿಯನ್ನು ಸಾಲ ಕೊಡುವ ಬ್ಯಾಂಕು ಕೇಳುತ್ತದೆ. ಮಾಸಿದ ಹಳದಿ ಹಾಳೆ ಅಂತ ರದ್ದಿಗೆ ಹಾಕಿದರೆ ಮನೆ ಮಾರುವಾಗ ಅಳಬೇಕಾಗುತ್ತದೆ.

ಇನ್ನು ರೇಟು. ಗಂಟೆಗೆ ಇಷ್ಟು ಅಂತ ನಾನು ತೆಗೆದುಕೊಳ್ಳುವುದಿಲ್ಲ. ಫೋಟೋ ಆಲ್ಬಮ್ ಸಿಕ್ಕರೆ ಮನೆಯವರು ಅದರಲ್ಲೇ ಮುಳುಗುತ್ತಾರೆ, ಆಗ ನಾನು ಗಡಿಯಾರ ನೋಡುತ್ತಾ ಕೂತರೆ ಚೆಂದ ಕಾಣುವುದಿಲ್ಲ. ಅಡುಗೆಮನೆಗೆ 6,000 ರೂಪಾಯಿ, ಒಂದು ಕಪಾಟಿಗೆ 1,500, ಅಟ್ಟವನ್ನು ನೋಡಿದ ಮೇಲೆ ಹೇಳುತ್ತೇನೆ. ರದ್ದಿ, ಭಂಗಾರದ ದುಡ್ಡು ಪೂರ್ತಿ ಮನೆಯವರದ್ದು. ಅದರಲ್ಲಿ ಪಾಲು ಕೇಳಿದರೆ ನಾನು ಜಾಸ್ತಿ ಬಿಸಾಡಿಸುತ್ತಿದ್ದೇನೆ ಅಂತ ಅನುಮಾನ ಬರುತ್ತದೆ, ಅಲ್ವಾ? ಪ್ಲಾಸ್ಟಿಕ್ ಡಬ್ಬಿ, ಬುಟ್ಟಿಗಳನ್ನೂ ನಾನು ಮಾರುವುದಿಲ್ಲ. ಖಾಲಿಯಾಗುವ ಮೊದಲೇ ಡಬ್ಬಿ ಕೊಂಡವರ ಮನೆಯಲ್ಲಿ ಆ ಡಬ್ಬಿಗಳನ್ನೇ ಮೊದಲು ತೆಗೆಯಬೇಕಾಗುತ್ತದೆ.

ಮಳೆಗಾಲದಲ್ಲಿ ಅಟ್ಟದ ಕೆಲಸ ಇಲ್ಲ. ತೇವ ಹಿಡಿದ ಬಟ್ಟೆ, ಕಾಗದವನ್ನು ಒಣಗಿಸಲು ಜಾಗ ಎಲ್ಲಿದೆ? ಆ ತಿಂಗಳುಗಳಲ್ಲಿ ಅಡುಗೆಮನೆ, ಕಪಾಟು ಮಾತ್ರ. ದೀಪಾವಳಿಗೆ ಮುಂಚೆ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ, ಹಾಗಾಗಿ ಬೇಗ ಹೇಳಿಡಿ. ಡೊಂಬಿವಲಿ, ಠಾಣೆ ಕಡೆಯಿಂದ ಕೆಲಸಕ್ಕೆ ಜೊತೆಯಾಗುವವರೊಬ್ಬರು ಬೇಕು. ಮರಾಠಿ ಬರಬೇಕು, ಧೂಳಿನ ಅಲರ್ಜಿ ಇರಬಾರದು, ಬೇರೆಯವರ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಮೂರನೆಯದು ಇದ್ದರೆ ಮರಾಠಿ ನಾನೇ ಕಲಿಸುತ್ತೇನೆ.