ಚಾಟ್ನಿ ಗ್ಯಾಂಗಿನ ಬುತ್ತಿ ಹೊತ್ತು

ಜತ್ ತಾಲ್ಲೂಕಿನ ಸಂಖ, ಉಮದಿ ಕಡೆಯ ದ್ರಾಕ್ಷಿ ಬಾಗಗಳಿಗೆ ಸಲಹೆ ಕೊಡುತ್ತ ಓಡಾಡುವುದು ನನ್ನ ಕೆಲಸ. ಜಿಲ್ಲೆ ಸಾಂಗ್ಲಿ, ಕಾಗದಪತ್ರವೆಲ್ಲ ಮರಾಠಿ, ಬಾಗದೊಳಗಿನ ಮಾತು ಕನ್ನಡ.

ನಮ್ಮಲ್ಲಿ ವರ್ಷಕ್ಕೆ 2 ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಏಪ್ರಿಲ್ ಮತ್ತು ಅಕ್ಟೋಬರ್. ಏಪ್ರಿಲ್‌ನಲ್ಲಿ ಕತ್ತರಿಸಿದ ಕಡ್ಡಿಯನ್ನು ಬದುವಿಗೆ ಒಯ್ದು ಸುಡುವುದು ರೂಢಿ. ಸುಡಬೇಡಿ, ರೋಗದ ಕಡ್ಡಿ ಬೇರೆ ಮಾಡಿ ಉಳಿದದ್ದನ್ನು ತುಂಡರಿಸಿ ಬುಡಕ್ಕೆ ಹೊದಿಸಿ, ನೀರು ಉಳಿಯುತ್ತದೆ ಅಂತ ಹೇಳುವುದು ನನ್ನ ಮೊದಲ ವರ್ಷದ ಹಟ.

ತೋರಿಸಲು ಊರಿನ ಅತೀ ಚಂದದ ಬಾಗ ಆರಿಸಿದೆ. ದೊಡ್ಡ ಕೃಷಿಹೊಂಡ, ಸ್ವಂತ ಟ್ರ್ಯಾಕ್ಟರ್. ಜನ ಬಂದರು, ಚಹಾ ಕುಡಿದರು, ಫೋಟೋಕ್ಕೆ ನಿಂತರು. ಮುಂದಿನ ಏಪ್ರಿಲ್‌ನಲ್ಲಿ ನೋಡಿದರೆ ಬದುವಿನ ತುಂಬ ಹೊಗೆ!

ಒಬ್ಬ ಕಾಕಾನನ್ನು ಕೇಳಿಯೇಬಿಟ್ಟೆ. "ಅವರ ಹೊಂಡದಾಗ ನೀರ ಐತ್ರಿ ಸಾಹೇಬ್ರ, ಏನ್ ಮಾಡಿದ್ರೂ ನಡೀತೈತಿ. ನಮ್ದು ಟ್ಯಾಂಕರ್ ಬಾಗ," ಅಂದರು. ನೀರು ಉಳಿಸುವ ಪಾಠವನ್ನು ನೀರಿದ್ದವರ ಹೊಲದಲ್ಲಿ ಮಾಡಿದ್ದೆ. ಎಂಥಾ ಶಾಣ್ಯಾ ನಾನು, ಅಲ್ವಾ?

ಅದೇ ಕಾಕಾನ ಹತ್ತಿರ 2 ಸಾಲು ಕೇಳಿ ಪಡೆದು ಹೊದಿಕೆ ಹಾಕಿಸಿದೆ. ಮೇ ತಿಂಗಳ ಬಿಸಿಲಲ್ಲಿ ಅವರು ಚಪ್ಪಲಿ ತುದಿಯಿಂದ ಕಡ್ಡಿ ಸರಿಸಿದರು. ಕೆಳಗೆ ಮಣ್ಣು ಹಸಿ. ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ಕೆದರಿದರೆ ನೂಲಿನಂಥ ಬಿಳಿ ಬೇರು ಮೇಲೇ ಸಿಕ್ಕಿತು. ಪಕ್ಕದ ಬೋಳು ಸಾಲಿನಲ್ಲಿ ಉಗುರೂ ಇಳಿಯಲಿಲ್ಲ. ಕಾಕಾ ಏನೂ ಅನ್ನಲಿಲ್ಲ. ಬೇರು ಹಿಡಿದ ಹೆಂಟೆಯ ಫೋಟೋ ತೆಗೆದು ತಿಕೋಟಾದ ಬೀಗರಿಗೆ ಕಳಿಸಿದರು.

ಅಲ್ಲಿಂದ ಸುದ್ದಿ ತಾನೇ ಓಡಿತು. ಚಾಟ್ನಿ ಗ್ಯಾಂಗಿನವರು ಒಂದು ಹಂಗಾಮಿನಲ್ಲಿ ಎಷ್ಟೋ ಬಾಗ ತಿರುಗುತ್ತಾರೆ. ಒಬ್ಬರ ಬಾಗದಲ್ಲಿ ಕಂಡದ್ದನ್ನು ಇನ್ನೊಬ್ಬರ ಬಾಗದಲ್ಲಿ ಬುತ್ತಿ ಬಿಚ್ಚಿದಾಗ ಹೇಳುತ್ತಾರೆ. ಕೆಟ್ಟ ಸುದ್ದಿಗೂ ಅದೇ ದಾರಿ. ಹೊದಿಕೆಯಡಿ ಇಲಿ ಸೇರಿ ಡ್ರಿಪ್ ಪೈಪ್ ಕಡಿದದ್ದು ನನಗಿಂತ ಮೊದಲು 3 ಊರಿಗೆ ಗೊತ್ತಿತ್ತು. ಪೈಪನ್ನು ನೆಲದಿಂದ ಎತ್ತಿ ತಂತಿಗೆ ಕಟ್ಟಿ ಅಂದದ್ದೂ ಗ್ಯಾಂಗಿನ ಒಬ್ಬ ಹೆಣ್ಣುಮಗಳೇ. ನಾನು ಸುಮ್ನೆ ತಲೆಯಾಡಿಸಿದೆ.

ಈಗ ಹೊಸ ಊರಿಗೆ ಹೋದರೆ ದೊಡ್ಡ ಬಾಗ ಯಾರದು ಅಂತ ಕೇಳುವುದಿಲ್ಲ. ಚಾಟ್ನಿಗೆ ಯಾವ ಗ್ಯಾಂಗ್ ಬರುತ್ತದೆ, ಬೀಗರು ಯಾವ ಊರವರು ಅಂತ ಕೇಳುತ್ತೇನೆ. ಮೊನ್ನೆ ಒಬ್ಬ ಅಜ್ಜ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಯಾಕ್ರಿ ಸಾಹೇಬ್ರ, ಹೆಣ್ಣ ನೋಡಾಕ ಬಂದೀರೇನು?" ಅಂದರು.