ಮನೆ ಸಾಲ ತೀರಿತು, ಇನ್ನೇನು ಮಾಡಬೇಕು?

ಹದಿನೈದು ಇಪ್ಪತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಮನೆ ಸಾಲ ತೀರಿಸಿದವರೆಲ್ಲ ಕೇಳುವ ಪ್ರಶ್ನೆ ಇದು. ಮೊದಲು ಮನೆಮಂದಿಗೆಲ್ಲ ಸಿಹಿ ಹಂಚಿ. ನೀವು ಮಾಡಿರುವುದು ಸಣ್ಣ ಕೆಲಸವಲ್ಲ. ಆದರೆ ಕಂತು ಮುಗಿದ ಮಾತ್ರಕ್ಕೆ ಮನೆಯ ಮೇಲಿರುವ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ. ನೀವೇ ಹಿಂದೆ ಬಿದ್ದು ತೆಗೆಸಬೇಕು.

ಮೊದಲು ಸಾಲದ ಖಾತೆ ನಿಜವಾಗಿ ಮುಚ್ಚಿದೆಯೇ ನೋಡಿ. ಕೊನೆಯ ಕಂತಿನ ನಂತರವೂ ನಾಲ್ಕಾರು ದಿನದ ಬಡ್ಡಿಯೋ, ಎಂದೋ ಬೌನ್ಸ್ ಆದ ಚೆಕ್ಕಿನ ದಂಡವೋ ಉಳಿದಿರಬಹುದು. ಮುನ್ನೂರು ರೂಪಾಯಿ ಬಾಕಿಯಿದ್ದರೂ ಖಾತೆ ತೆರೆದೇ ಇರುತ್ತದೆ, ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಸುಸ್ತಿ ಎಂದು ಕಾಣಿಸಿಕೊಳ್ಳಬಹುದು. ಬಾಕಿ ಸೊನ್ನೆ ಎಂದು ತೋರಿಸುವ ಸ್ಟೇಟ್‌ಮೆಂಟ್ ಮತ್ತು ಎನ್‌ಒಸಿ (ಬ್ಯಾಂಕಿನ ನಿರಾಕ್ಷೇಪಣಾ ಪತ್ರ) ಎರಡನ್ನೂ ಪಡೆಯಿರಿ. ಸಾಲ ಕೊಡುವಾಗ ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕುಗಳನ್ನು ವಾಪಸ್ ಕೇಳಿ, ಕಂತು ಕಡಿತದ ಮ್ಯಾಂಡೇಟ್ ರದ್ದು ಮಾಡಿಸಿ.

ಇನ್ನು ಮೂಲ ಪತ್ರಗಳು. ರಿಸರ್ವ್ ಬ್ಯಾಂಕಿನ ನಿಯಮದಂತೆ 2023ರ ಡಿಸೆಂಬರ್ 1ರಿಂದೀಚೆಗೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಇವನ್ನು ಹಿಂದಿರುಗಿಸಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ನಕಲು ಪ್ರತಿ ಮಾಡಿಸಿಕೊಡುವ ಖರ್ಚು ಬ್ಯಾಂಕಿನದೇ. ಅದಕ್ಕೆ ಇನ್ನೂ 30 ದಿನ ಕಾಲಾವಕಾಶವಿದೆ.

ಕೌಂಟರಿನಲ್ಲಿ ಕವರ್ ಕೊಟ್ಟ ತಕ್ಷಣ ಸಹಿ ಹಾಕಿ ಎದ್ದು ಬರಬೇಡಿ. ಸಾಲ ಪಡೆಯುವಾಗ ಬ್ಯಾಂಕ್ ಕೊಟ್ಟ ದಾಖಲೆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ಗುರುತು ಹಾಕುತ್ತಾ ಬನ್ನಿ: ನಿಮ್ಮ ಕ್ರಯಪತ್ರ, ಅದಕ್ಕೂ ಹಿಂದಿನ ಪತ್ರಗಳು, ಖಾತಾ, ಕಂದಾಯ ರಸೀದಿ, ಮಂಜೂರಾದ ನಕ್ಷೆ. ಕ್ರಯಪತ್ರದ ಪುಟಗಳನ್ನು ಎಣಿಸಿ. ನೋಂದಣಿ ಸಂಖ್ಯೆ, ಫೋಟೊ, ಹೆಬ್ಬೆಟ್ಟಿನ ಗುರುತು, ಮುದ್ರೆ ಇರುವ ಹಾಳೆಗಳು ಎಲ್ಲವೂ ಇವೆಯೇ, ಕೊಟ್ಟಿರುವುದು ಮೂಲ ಪ್ರತಿಯೋ ಜೆರಾಕ್ಸೋ ನೋಡಿ. ಒಂದು ಹಾಳೆ ಕಡಿಮೆಯಿದ್ದರೂ ಸ್ವೀಕೃತಿಯಲ್ಲಿ ಅಲ್ಲೇ ಬರೆಯಿರಿ. ಮನೆಗೆ ತಂದ ಮೇಲೆ ಸ್ಕ್ಯಾನ್ ಮಾಡಿಡಿ. ಲ್ಯಾಮಿನೇಷನ್ ಮಾತ್ರ ಬೇಡ. ಮುಂದೆ ಕಾಗದ, ಶಾಯಿ, ಮುದ್ರೆ ಪರಿಶೀಲಿಸುವವರಿಗೆ ಅದೇ ಅಡ್ಡಿಯಾಗುತ್ತದೆ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ತೊಡಕು ಶುರುವಾಗುವುದೂ ಇಲ್ಲೇ. ಸಾಲ ಕೊಡುವಾಗ ಬ್ಯಾಂಕ್ ಅಡಮಾನವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ (ಬ್ಯಾಂಕಿನವರು ಎಂಒಡಿ ಎನ್ನುತ್ತಾರೆ) ಅದು ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುತ್ತಲೇ ಇರುತ್ತದೆ. ಬ್ಯಾಂಕಿನಿಂದ ಋಣಮುಕ್ತ ಪತ್ರ ಬರೆಸಿ ಅದನ್ನೂ ನೋಂದಾಯಿಸಬೇಕು. ಆಮೇಲೆ ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ, ಸಾಲ ಪಡೆಯುವುದಕ್ಕೂ ಮುಂಚಿನ ದಿನಾಂಕದಿಂದ ಇಂದಿನವರೆಗೆ ಇಸಿ ತೆಗೆಯಿರಿ. ಹಳೆಯ ಅಡಮಾನದ ನಮೂದು ಅದರಲ್ಲಿ ಹಾಗೇ ಇರುತ್ತದೆ, ಗಾಬರಿಯಾಗಬೇಡಿ. ಅದರ ಜೊತೆಗೆ ಋಣಮುಕ್ತಿಯ ನಮೂದೂ ಬಂದಿದ್ದರೆ ಸಾಕು. ಇದನ್ನು ಬಿಟ್ಟರೆ, ಹತ್ತು ವರ್ಷದ ನಂತರ ಮನೆ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಹಿಡಿಯುವುದು ಇದನ್ನೇ. ಅಷ್ಟರಲ್ಲಿ ಶಾಖೆಯೇ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿರಬಹುದು. ಕೇಂದ್ರದ ಅಡಮಾನ ನೋಂದಣಿ ವ್ಯವಸ್ಥೆಯಾದ ಸರ್ಸೈನಲ್ಲೂ ಬ್ಯಾಂಕ್ ತನ್ನ ಹಕ್ಕನ್ನು ತೆಗೆಯಬೇಕು. ತೆಗೆದದ್ದಕ್ಕೆ ಲಿಖಿತ ದೃಢೀಕರಣ ಕೇಳಿ.

ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ನೋಡಿ, ವರ್ಷಕ್ಕೊಮ್ಮೆ ಉಚಿತ. ಸಾಲದ ಜೊತೆ ವಿಮೆ ಮಾಡಿಸಿದ್ದರೆ ಪಾಲಿಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ, ಅವಧಿ ಉಳಿದಿದ್ದರೆ ಮುಂದುವರಿಸಬಹುದೇ ವಿಚಾರಿಸಿ.

ಕೊನೆಗೆ ಆ ಕಂತಿನ ದುಡ್ಡು. ಬಿಟ್ಟರೆ ಮೂರೇ ತಿಂಗಳಲ್ಲಿ ಮನೆಖರ್ಚಿನಲ್ಲಿ ಕರಗಿಹೋಗುತ್ತದೆ. ಮುಂದಿನ ತಿಂಗಳೇ, ಕಂತು ಹೋಗುತ್ತಿದ್ದ ಅದೇ ತಾರೀಖಿಗೆ, ಅಷ್ಟೇ ಮೊತ್ತ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ತಿಂಗಳಿಗೆ 40,000 ಖರ್ಚಿರುವ ಮನೆಗೆ ಆರು ತಿಂಗಳ ಆಪದ್ಧನ ಎಂದರೆ 2,40,000 ರೂಪಾಯಿ. 25,000ದ ಕಂತಿನಿಂದ ಅದು ಹತ್ತು ತಿಂಗಳಲ್ಲಿ ಕೂಡುತ್ತದೆ. ಹದಿನೈದು ವರ್ಷದ ಮನೆಯಾದರೆ ತಾರಸಿಯ ಸೋರಿಕೆ, ಪೈಪು, ವೈರಿಂಗ್ ಕೆಲಸವೂ ಬಾಕಿ ಇದ್ದೇ ಇರುತ್ತದೆ. ಹನ್ನೊಂದನೇ ತಿಂಗಳಿಂದ ಅದಕ್ಕೆ ತೆಗೆದಿಡಿ, ಆಮೇಲೆ ನಿವೃತ್ತಿಗೆ.